ಕೆಂಪು–ನೀಲಿ ಜೋಡಿಯೋ, ‘1’ ಒಂದೇ ಸಾಕೋ: ಬೀಟಲ್ಸ್ ಸಂಕಲನಗಳ ಹೋಲಿಕೆ

1960ರ ದಶಕದ ಬ್ರಿಟಿಷ್ ತಂಡ ಬೀಟಲ್ಸ್‌ನ ಹಾಡುಗಳ ಸಂಕಲನಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಹೆಚ್ಚು ಯೋಚಿಸುವುದಿಲ್ಲ. 2023ರಲ್ಲಿ ಹೊಸ ಮಿಕ್ಸ್‌ನೊಂದಿಗೆ (ಅಂದರೆ ಮುದ್ರಿತ ದನಿ, ವಾದ್ಯಗಳನ್ನು ಹೊಸದಾಗಿ ಹೊಂದಿಸಿ), ಹಾಡುಗಳ ಸಂಖ್ಯೆಯೂ ಹೆಚ್ಚಿ ಬಂದ ಕೆಂಪು ಮತ್ತು ನೀಲಿ ಆಲ್ಬಂಗಳ ಸಿಡಿ ಜೋಡಿಯನ್ನೇ ಹೇಳುತ್ತೇನೆ. ಇದು ಎಲ್ಲಕ್ಕಿಂತ ಅಗ್ಗವೇನೂ ಅಲ್ಲ, ಎಲ್ಲಕ್ಕಿಂತ ಅಡಕವೂ ಅಲ್ಲ. ಆದರೆ 1993ರಲ್ಲಿ ಸಿಡಿಯಾಗಿ ಬಂದ ಇದೇ ಜೋಡಿಯ ಹಳೆಯ ಆವೃತ್ತಿ, 2000ದಲ್ಲಿ ಬಂದ ‘1’ ಎಂಬ ಒಂದೇ ಸಿಡಿಯ ಸಂಕಲನ ಮತ್ತು ಈ ಹೊಸ ಜೋಡಿ, ಈ ಮೂರನ್ನೂ ಒಂದೊಂದಾಗಿ ಕೊಂಡು ಸಾಕಷ್ಟು ಕಾಲ ಕೇಳಿದ ಮೇಲೆ, ಮೊದಲಿನ ಎರಡನ್ನು ನಾನು ಕಪಾಟಿನಿಂದ ಹೊರತೆಗೆಯುವುದೇ ಅಪರೂಪವಾಗಿದೆ. ಅದಕ್ಕೆ ಹಾಡುಗಳ ಪಟ್ಟಿ ಸ್ವಲ್ಪಮಟ್ಟಿಗೆ ಮಾತ್ರ ಕಾರಣ. ಅವೇ ಹಾಡುಗಳು ಕಿವಿಗೆ ಬಂದು ಮುಟ್ಟುವ ರೀತಿಯೇ ದೊಡ್ಡ ಕಾರಣ.

ಕೆಂಪು, ನೀಲಿ ಎಂಬುವು ಹೊದಿಕೆಯ ಬಣ್ಣದಿಂದ ಬಂದ ಅಡ್ಡಹೆಸರುಗಳು. ಆಲ್ಬಂಗಳ ಮೇಲೆ ಅಚ್ಚಾಗಿರುವುದು ‘1962–1966’ ಮತ್ತು ‘1967–1970’ ಎಂದು ಮಾತ್ರ. ತಂಡ ಒಡೆದು ಮೂರು ವರ್ಷಗಳಾದ ಮೇಲೆ, 1973ರ ಏಪ್ರಿಲ್‌ನಲ್ಲಿ, ಬೀಟಲ್ಸ್‌ನವರದೇ ಆದ ಆಪಲ್ ಲೇಬಲ್ ಇವನ್ನು ಎಲ್‌ಪಿಗಳಾಗಿ ಹೊರತಂದಿತು. ಅದಕ್ಕೂ ಮುನ್ನ ‘ಆಲ್ಫಾ ಒಮೆಗಾ’ ಎಂಬ ಹೆಸರಿನ ಅನಧಿಕೃತ ಕಟ್ಟೊಂದು, ನಾಲ್ಕು ಎಲ್‌ಪಿಗಳದ್ದು, ಅಮೆರಿಕದ ರೇಡಿಯೋ ಮತ್ತು ಟಿವಿಯಲ್ಲಿ ರಾಜಾರೋಷವಾಗಿ ಜಾಹೀರಾತು ಕೊಟ್ಟುಕೊಂಡು ಮಾರಾಟವಾಗುತ್ತಿತ್ತು. ಅದಕ್ಕೆ ತಡೆಯೊಡ್ಡುವುದು ಅಧಿಕೃತ ಸಂಕಲನದ ಉದ್ದೇಶಗಳಲ್ಲಿ ಒಂದು. ಹೀಗೆ ವ್ಯಾಪಾರದ ಪೈಪೋಟಿಯಿಂದಲೇ ಹುಟ್ಟಿದರೂ ಆಯ್ಕೆ ಮಾಡಿದವರಿಗೆ ಒಳ್ಳೆಯ ಕಿವಿಯಿತ್ತೆಂದು ಒಪ್ಪಿಕೊಳ್ಳಬೇಕು. ಕೆಂಪಿನಲ್ಲಿ 26, ನೀಲಿಯಲ್ಲಿ 28, ಒಟ್ಟು 54 ಹಾಡುಗಳು. ಜನಪ್ರಿಯ ಸಿಂಗಲ್‌ಗಳ, ಅಂದರೆ ಬಿಡಿ ತಟ್ಟೆಯಾಗಿ ಬಂದ ಹಾಡುಗಳ ಜೊತೆಗೆ ‘ಇನ್ ಮೈ ಲೈಫ್’, ‘ಎ ಡೇ ಇನ್ ದ ಲೈಫ್’, ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’, ‘ಹಿಯರ್ ಕಮ್ಸ್ ದ ಸನ್’ ಮೊದಲಾದ, ಆಲ್ಬಂಗಳ ಒಳಗೆ ಮಾತ್ರ ಇದ್ದ ಹಾಡುಗಳಿಗೂ ಇಲ್ಲಿ ಜಾಗ ಸಿಕ್ಕಿತು. ಬೀಟಲ್ಸ್ ಎಂದರೆ ಇದು ಎಂದು ಹಲವು ದೇಶಗಳ ಒಂದಿಡೀ ತಲೆಮಾರಿಗೆ ಪರಿಚಯವಾದದ್ದು ಈ ಜೋಡಿಯ ಮೂಲಕವೇ.

‘1’ ಸಂಕಲನದ ದಾರಿ ಬೇರೆ. ಬ್ರಿಟನ್‌ನಲ್ಲಿ ಅಥವಾ ಅಮೆರಿಕದಲ್ಲಿ ವಾರದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಹಾಡುಗಳು ಮಾತ್ರ ಇರಬೇಕೆಂಬುದು ಅದರ ನಿಯಮ. ಹಾಗೆ ಬಂದದ್ದು 27 ಹಾಡುಗಳು, ಸುಮಾರು 79 ನಿಮಿಷ, ಒಂದೇ ಸಿಡಿಯಲ್ಲಿ ಅಂಚಿನವರೆಗೂ ತುಂಬಿಸಿದ್ದು. 2000ದ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದೇ. ತಂಡ ಇಲ್ಲವಾಗಿ ಮೂವತ್ತು ವರ್ಷಗಳಾದ ಮೇಲೆ ಈ ಮಾರಾಟ. ಒಂದು ಸಿಡಿಯ ಬೆಲೆಗೆ 27 ಹಾಡು ಸಿಗುವುದರಿಂದ ಯಾರಿಗಾದರೂ ಉಡುಗೊರೆ ಕೊಡಲು ನಾನು ಇಂದಿಗೂ ಇದನ್ನೇ ಆರಿಸುತ್ತೇನೆ.

ಆದರೆ ಆಯ್ಕೆಯನ್ನು ಕಿವಿಯ ಬದಲು ಅಂಕಿಗಳ ಕೈಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೂ ‘1’ ಒಳ್ಳೆಯ ಉದಾಹರಣೆ. 1967ರ ಫೆಬ್ರವರಿಯಲ್ಲಿ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಒಂದೇ ಸಿಂಗಲ್‌ನ ಎರಡು ಮುಖಗಳಾಗಿ, ಎರಡೂ ಸಮಾನ ಗೌರವದೊಂದಿಗೆ ಬಂದವು. ಬ್ರಿಟನ್‌ನಲ್ಲಿ ಎಂಗಲ್ಬರ್ಟ್ ಹಂಪರ್‌ಡಿಂಕ್ ಅವರ ‘ರಿಲೀಸ್ ಮಿ’ ಹಾಡು ಮೇಲಿನ ಸ್ಥಾನವನ್ನು ಬಿಟ್ಟುಕೊಡದ ಕಾರಣ ಆ ಸಿಂಗಲ್ ಎರಡನೆಯ ಸ್ಥಾನದಲ್ಲೇ ನಿಂತಿತು. ಅಮೆರಿಕದಲ್ಲಿ ಎರಡು ಮುಖಗಳನ್ನೂ ಬೇರೆಬೇರೆಯಾಗಿ ಎಣಿಸುತ್ತಿದ್ದುದರಿಂದ ‘ಪೆನ್ನಿ ಲೇನ್’ ಮಾತ್ರ ಮೊದಲ ಸ್ಥಾನಕ್ಕೆ ಹೋಯಿತು. ಪರಿಣಾಮವಾಗಿ ‘1’ರಲ್ಲಿ ‘ಪೆನ್ನಿ ಲೇನ್’ ಇದೆ, ಅದರ ಬೆನ್ನಿಗಿದ್ದ ‘ಸ್ಟ್ರಾಬೆರಿ ಫೀಲ್ಡ್ಸ್’ ಇಲ್ಲ. 1963ರ ‘ಪ್ಲೀಸ್ ಪ್ಲೀಸ್ ಮಿ’ಯದ್ದೂ ಇದೇ ಗತಿ: ಆ ಕಾಲದ ಬ್ರಿಟಿಷ್ ಸಂಗೀತ ಪತ್ರಿಕೆಗಳು ಪ್ರಕಟಿಸುತ್ತಿದ್ದ ಕೆಲವು ಪಟ್ಟಿಗಳಲ್ಲಿ ಅದು ಮೊದಲನೆಯದು, ಮುಂದೆ ಅಧಿಕೃತವೆಂದು ಎಣಿಸಲಾದ ಪಟ್ಟಿಯಲ್ಲಿ ಎರಡನೆಯದು, ಆದ್ದರಿಂದ ಇಲ್ಲಿ ಅದಕ್ಕೆ ಪ್ರವೇಶವಿಲ್ಲ. ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂನಿಂದ ಆಗ ಸಿಂಗಲ್ ಬರಲೇ ಇಲ್ಲವಾದ್ದರಿಂದ ಅದರ ಒಂದು ಹಾಡೂ ಇಲ್ಲ, ‘ವೈಟ್ ಆಲ್ಬಂ’ನದ್ದೂ ಇಲ್ಲ. ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬರೆದದ್ದು ‘ಸಮ್‌ಥಿಂಗ್’ ಒಂದೇ. ಇಂಥ ಸಂಕಲನವನ್ನು ಕೇಳಿ ಮುಗಿಸಿದವರಿಗೆ ಈ ತಂಡದ ಬಗ್ಗೆ ಜನ ಅಷ್ಟೊಂದು ಮಾತನಾಡುವುದೇಕೆ ಎಂಬ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಉತ್ತರದ ಅರ್ಧಭಾಗ ಆ ಸಿಡಿಯ ಹೊರಗೇ ಉಳಿದಿದೆ.

ಪಟ್ಟಿಯ ಮಾತು ಅಷ್ಟು ಸಾಕು. ಹಳೆಯ ಕೆಂಪು ಆಲ್ಬಂನಲ್ಲಿ ನನ್ನನ್ನು ನಿಜಕ್ಕೂ ಕಾಡಿದ ತೊಡಕು ಬೇರೆಯದು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ನಾನು ಹಾಡು ಕೇಳುವುದು ಬಹುಪಾಲು ಮನೆಗೆಲಸದ ನಡುವೆ. ಬಾಗಿಲ ಗಂಟೆಯೋ ಒಳಗಿನಿಂದ ಯಾರದಾದರೂ ಕರೆಯೋ ಕೇಳಿಸುತ್ತಿರಬೇಕಾದ್ದರಿಂದ ಇಯರ್‌ಫೋನಿನ ಒಂದು ತುದಿ ಮಾತ್ರ ಕಿವಿಯಲ್ಲಿರುತ್ತದೆ, ಅದೂ ಎಡಗಿವಿಯಲ್ಲಿ. ಇನ್ನೊಂದು ಎದೆಯ ಮೇಲೆ ನೇತಾಡುತ್ತಿರುತ್ತದೆ. ಈ ಅಭ್ಯಾಸದವರು 1993ರ ಕೆಂಪು ಆಲ್ಬಂ ಹಾಕಿ ‘ಆಲ್ ಮೈ ಲವಿಂಗ್’ಗೆ ಬಂದರೆ ಡ್ರಮ್, ಬಾಸ್, ಗಿಟಾರ್‌ಗಳೆಲ್ಲ ಸ್ಪಷ್ಟವಾಗಿ ಕೇಳುತ್ತವೆ, ಹಾಡುವವರು ಮಾತ್ರ ಪಕ್ಕದ ಕೋಣೆಗೆ ಎದ್ದುಹೋದಂತಿರುತ್ತದೆ. ಇಯರ್‌ಫೋನ್ ಕೆಟ್ಟಿದೆಯೆಂದೋ ಪಿನ್ ಸರಿಯಾಗಿ ಕೂತಿಲ್ಲವೆಂದೋ ಯಾರಿಗಾದರೂ ಅನ್ನಿಸುವುದು ಸಹಜ. ಕೆಟ್ಟಿರುವುದು ಏನೂ ಇಲ್ಲ. ಹಾಡುತ್ತಿರುವ ಪಾಲ್ ಮೆಕಾರ್ಟ್ನಿಯವರ ದನಿ ಪೂರ್ತಿಯಾಗಿ ಬಲಬದಿಯಲ್ಲಿದೆ, ಅಷ್ಟೇ.

ಹೀಗೇಕೆ ಎಂಬುದಕ್ಕೆ ಕಾರಣ ಧ್ವನಿಮುದ್ರಣದ ಯಂತ್ರದಲ್ಲಿದೆ. 1963ರ ಅಕ್ಟೋಬರ್‌ವರೆಗೆ ಬೀಟಲ್ಸ್ ಹಾಡುಗಳು ಮುದ್ರಣವಾದದ್ದು ಎರಡೇ ಟ್ರ್ಯಾಕ್‌ಗಳ (ಬೇರೆಬೇರೆಯಾಗಿ ಸದ್ದು ಹಿಡಿಯುವ ಪಟ್ಟಿಗಳ) ಟೇಪಿನಲ್ಲಿ. ನಾಲ್ಕು ಟ್ರ್ಯಾಕ್‌ಗಳ ಯಂತ್ರ ಅವರಿಗೆ ದಕ್ಕಿದ್ದು ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ ಹಾಡಿನ ಹೊತ್ತಿಗೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಒಂದು ಟ್ರ್ಯಾಕಿಗೆ ದನಿಗಳನ್ನೂ ಇನ್ನೊಂದಕ್ಕೆ ವಾದ್ಯಗಳನ್ನೂ ಹಾಕುತ್ತಿದ್ದರು. ಎರಡು ಸ್ಪೀಕರ್‌ಗಳಿಗೆ ಹಂಚಿ ಕೇಳಿಸಬೇಕೆಂಬ ಉದ್ದೇಶ ಅದರ ಹಿಂದೆ ಇರಲಿಲ್ಲ. ಆಮೇಲೆ ನಿಧಾನವಾಗಿ ಕೂತು ದನಿ ಎಷ್ಟಿರಬೇಕು, ವಾದ್ಯ ಎಷ್ಟಿರಬೇಕು ಎಂದು ತೂಗಿ, ಎರಡನ್ನೂ ಕೂಡಿಸಿ ಒಂದೇ ಮೋನೋ ಮಿಕ್ಸ್, ಅಂದರೆ ಎಡ–ಬಲವೆಂಬ ಭೇದವಿಲ್ಲದ ಮಿಕ್ಸ್, ಮಾಡಿಕೊಳ್ಳಲು ಅನುಕೂಲವಾಗಲೆಂದು ಹಾಗೆ ಬೇರ್ಪಡಿಸುತ್ತಿದ್ದದ್ದು. ಅಂದಿನ ಕೇಳುಗರಲ್ಲಿ ಬಹುಪಾಲು ಜನರ ಬಳಿ ಇದ್ದದ್ದು ಒಂದೇ ಸ್ಪೀಕರಿನ ಪ್ಲೇಯರ್ ಮತ್ತು ರೇಡಿಯೋ; ತಂಡದವರೂ ಮಾರ್ಟಿನ್ ಅವರೂ ಹೊತ್ತು ಕೊಟ್ಟು ಮಾಡುತ್ತಿದ್ದದ್ದು ಮೋನೋ ಮಿಕ್ಸನ್ನೇ. ಸ್ಟೀರಿಯೋ ಆವೃತ್ತಿ ಬೇಕೆಂದಾಗ ಎರಡು ಟ್ರ್ಯಾಕ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು ಕೊಟ್ಟುಬಿಟ್ಟರು. ಕೋಣೆಯೊಳಗೆ ಎರಡು ಸ್ಪೀಕರ್‌ಗಳಲ್ಲಿ ಕೇಳುವಾಗ ಅದು ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಎರಡು ಬದಿಯ ಸದ್ದೂ ಗಾಳಿಯಲ್ಲಿ ಬೆರೆತು ಎರಡು ಕಿವಿಗಳಿಗೂ ಬರುತ್ತದೆ. ಇಯರ್‌ಫೋನಿನಲ್ಲಿ ಆ ಬೆರಕೆಗೆ ಅವಕಾಶವೇ ಇಲ್ಲ.

ಯಂತ್ರ ಸುಧಾರಿಸಿದ ಮೇಲೂ ಈ ಹಂಚಿಕೆ ತಕ್ಷಣ ನಿಲ್ಲಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ. 1965ರ ‘ರಬ್ಬರ್ ಸೋಲ್’ನಿಂದ ಬಂದ ‘ಡ್ರೈವ್ ಮೈ ಕಾರ್’, ‘ನೋವೇರ್ ಮ್ಯಾನ್’ ಹಾಡುಗಳಲ್ಲೂ ದನಿ ಬಲಕ್ಕೇ ವಾಲಿದೆ. ‘ಎಲಿನರ್ ರಿಗ್ಬಿ’ಯದ್ದಂತೂ ವಿಚಿತ್ರ ಅನುಭವ. ಅದರಲ್ಲಿ ತಂಡದ ಯಾರೂ ವಾದ್ಯ ನುಡಿಸಿಲ್ಲ. ನಾಲ್ಕು ವಯೊಲಿನ್, ಎರಡು ವಿಯೋಲಾ, ಎರಡು ಚೆಲ್ಲೋಗಳಿಗೆ ಮಾರ್ಟಿನ್ ಬರೆದುಕೊಟ್ಟ ಸಂಗೀತದ ಮೇಲೆ ಪಾಲ್ ಹಾಡುತ್ತಾರೆ. ಚರಣಗಳಲ್ಲಿ ಅವರ ದನಿ ಬಲಬದಿಗೆ ಸೇರಿಕೊಂಡಿರುವುದರಿಂದ ಎಡಗಿವಿಗೆ ದಕ್ಕುವುದು ಆ ತಂತಿಗಳ ಗರಗರ ಗೀರು ಮಾತ್ರ. ಒಂಟಿ ಮನುಷ್ಯರ ಬಗೆಗಿನ ಹಾಡಿನಲ್ಲಿ ಮನುಷ್ಯನ ದನಿಯೇ ಇಲ್ಲದಿರುವುದು ಒಮ್ಮೆ ಕೇಳಲು ಚೆನ್ನ, ದಿನವೂ ಕೇಳಲು ಅಲ್ಲ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಇದೆ. ಮೊಬೈಲ್‌ಗಳ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಎರಡು ಬದಿಗಳೂ ಬೆರೆತು ಎರಡು ಕಿವಿಗೂ ಒಂದೇ ಸದ್ದು ಬರುತ್ತದೆ. ನಾನೂ ಬಹಳ ಕಾಲ ಹಾಗೇ ಮಾಡಿದೆ. ತೊಂದರೆ ಏನೆಂದರೆ, ಅದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಹಳೆಯ ನೀಲಿ ಆಲ್ಬಂನಲ್ಲಿ ಸ್ಟೀರಿಯೋವನ್ನು ಬೇಕೆಂದೇ ಬಳಸಿಕೊಂಡ ಹಾಡುಗಳಿವೆ. ‘ಎ ಡೇ ಇನ್ ದ ಲೈಫ್’ನ ಮೂಲ ಸ್ಟೀರಿಯೋ ಮಿಕ್ಸ್‌ನಲ್ಲಿ ಜಾನ್ ಲೆನನ್ ಅವರ ದನಿ ಒಂದು ಬದಿಯಲ್ಲಿ ಶುರುವಾಗಿ ಹಾಡು ಮುಂದುವರಿದಂತೆ ಮೆಲ್ಲನೆ ಇನ್ನೊಂದು ಬದಿಗೆ ಸರಿಯುವುದು ಅಂಥ ಒಂದು. ರಾತ್ರಿ ಎರಡು ಕಿವಿಗಳಿಗೂ ಹಾಕಿಕೊಂಡು ಕೂತಾಗ ಆ ಚಲನೆ ಬೇಕು, ಹಗಲು ಕೆಲಸದ ನಡುವೆ ಬೇಡ. ಹಾಗಾಗಿ ಸೆಟ್ಟಿಂಗ್‌ಗೆ ಹೋಗುವುದು, ಬದಲಿಸುವುದು, ಮರೆಯುವುದು, ಮತ್ತೆ ಹೋಗುವುದು. ಹಾಡು ಕೇಳುವುದಕ್ಕೆ ಇಷ್ಟು ವ್ಯವಹಾರವಿರಬಾರದು.

2023ರ ಜೋಡಿ ನನ್ನನ್ನು ಗೆದ್ದದ್ದು ಈ ಒಂದು ವಿಷಯದಲ್ಲಿ. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಅವರು ಬೀಟಲ್ಸ್ ಬಗೆಗಿನ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರ ಮಾಡುವಾಗ ಅವರ ತಂಡ, ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿರುವ ಸದ್ದುಗಳನ್ನು ಯಂತ್ರಕಲಿಕೆಯ ನೆರವಿನಿಂದ ಬಿಡಿಸುವ ತಂತ್ರಾಂಶವನ್ನು ರೂಪಿಸಿತು. ಒಟ್ಟಿಗೇ ಮುದ್ರಣವಾದ ಗಿಟಾರ್, ಬಾಸ್, ಡ್ರಮ್‌ಗಳನ್ನು ಅದು ಬೇರೆಬೇರೆ ಎಳೆಗಳಾಗಿ ತೆಗೆದುಕೊಡುತ್ತದೆ. ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮೊದಲು 2022ರಲ್ಲಿ ‘ರಿವಾಲ್ವರ್’ ಆಲ್ಬಂಗೂ, ಮರುವರ್ಷ ಕೆಂಪು ಆಲ್ಬಂನ ಹಾಡುಗಳಿಗೂ ಇದನ್ನು ಬಳಸಿ ಹೊಸ ಮಿಕ್ಸ್ ಮಾಡಿದರು. ‘ಶೀ ಲವ್ಸ್ ಯು’ ಹಾಡಿನ ಎರಡು ಟ್ರ್ಯಾಕ್‌ಗಳ ಮೂಲ ಟೇಪು ಉಳಿದಿಲ್ಲವಾದ್ದರಿಂದ ಅದು ಅಲ್ಲಿಯವರೆಗೆ ಮೋನೋದಲ್ಲೇ ಇತ್ತು. ಈಗ ಅದಕ್ಕೂ ನಿಜವಾದ ಸ್ಟೀರಿಯೋ ರೂಪ ಬಂದಿದೆ.

ನನ್ನ ಎಡಗಿವಿಗೆ ಇದರಿಂದಾದ ಬದಲಾವಣೆ ಸರಳವಾದದ್ದು: ಹಾಡುವವರು ಮಧ್ಯಕ್ಕೆ ಬಂದು ನಿಂತಿದ್ದಾರೆ. ‘ಆಲ್ ಮೈ ಲವಿಂಗ್’ನಲ್ಲಿ ಲೆನನ್ ಒಂದೇ ಸಮನೆ ಓಡಿಸುವ ಗಿಟಾರಿನ ತ್ರಿವಳಿ ಮೀಟು, ಹಿಂದೆ ಬಾಸ್ ಮತ್ತು ಡ್ರಮ್‌ಗಳೊಂದಿಗೆ ಒಂದೇ ಗುಡ್ಡೆಯಾಗಿ ಬಿದ್ದಿದ್ದದ್ದು, ಈಗ ದನಿಯ ಕೆಳಗೆ ತಾನೇ ತಾನಾಗಿ ಕೇಳುತ್ತದೆ, ಅದನ್ನು ಅಷ್ಟು ಹೊತ್ತು ಕೈ ಸೋಲದೆ ನುಡಿಸುವುದು ಎಷ್ಟು ಕಷ್ಟ ಎಂಬುದು ನನ್ನ ಗಮನಕ್ಕೆ ಬಂದದ್ದೇ ಆಗ. ‘ಎಲಿನರ್ ರಿಗ್ಬಿ’ಯಲ್ಲಿ ತಂತಿವಾದ್ಯಗಳು ಎರಡು ಬದಿಗೂ ಹರಡಿಕೊಂಡು ದನಿಗೆ ನಡುವೆ ಜಾಗ ಬಿಟ್ಟಿವೆ. ಒಂದೇ ಕಿವಿಯಲ್ಲಿ ಕೇಳಿದರೂ ಹಾಡು ಹಾಡಾಗಿಯೇ ಉಳಿಯುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ‘1’ ಕೂಡ 2015ರಲ್ಲಿ ಜೈಲ್ಸ್ ಮಾರ್ಟಿನ್ ಅವರ ಹೊಸ ಮಿಕ್ಸ್‌ಗಳೊಂದಿಗೆ ಮತ್ತೊಮ್ಮೆ ಬಂತು. ಆದ್ದರಿಂದ ‘1’ ಕೊಳ್ಳುವವರು 2015ರದ್ದನ್ನು ಹುಡುಕಿಕೊಳ್ಳುವುದು ಒಳ್ಳೆಯದು. ನನ್ನ ಬಳಿ ಇರುವುದು 2000ದ್ದು, ಅದರಲ್ಲಿ ‘ಎಲಿನರ್ ರಿಗ್ಬಿ’ ಹಳೆಯ ರೀತಿಯಲ್ಲೇ ಬಲಕ್ಕೆ ವಾಲಿದೆ.

ಬೆಲೆಯ ವಿಷಯದಲ್ಲಿ 1993ರ ಕೆಂಪು ಸಿಡಿಯ ಮೇಲೆ ನನಗೆ ಇನ್ನೊಂದು ಅಸಮಾಧಾನವಿದೆ. ಆ 26 ಹಾಡುಗಳ ಒಟ್ಟು ಅವಧಿ ಒಂದು ಗಂಟೆಗಿಂತ ತುಸು ಹೆಚ್ಚು, ಅಷ್ಟೇ. ಒಂದು ಸಿಡಿಯಲ್ಲಿ 74 ನಿಮಿಷದಷ್ಟು ಸಂಗೀತ ಆರಾಮಾಗಿ ಹಿಡಿಸುತ್ತದೆ. ಆದರೂ ಅದನ್ನು ಎರಡು ಸಿಡಿಗಳಾಗಿ ಒಡೆದು, ಎರಡು ಸಿಡಿಯ ಬೆಲೆಗೆ ಮಾರಿದರು. ನೀಲಿ ಆಲ್ಬಂ ಒಂದೂವರೆ ಗಂಟೆ ಮೀರುವುದರಿಂದ ಅದಕ್ಕೆ ಎರಡು ಬೇಕೇ ಬೇಕು. ಜೋಡಿ ಸಮವಾಗಿ ಕಾಣಲೆಂದೋ ಏನೋ ಕೆಂಪಿಗೂ ಎರಡೆರಡು. ಏಳು ವರ್ಷಗಳ ನಂತರ ‘1’ರಲ್ಲಿ 79 ನಿಮಿಷವನ್ನು ಒಂದೇ ಸಿಡಿಗೆ ತುಂಬಿದವರಿಗೆ ಅಂದು ಲೆಕ್ಕ ಬರುತ್ತಿರಲಿಲ್ಲವೆಂದು ನಂಬುವುದು ಕಷ್ಟ. ಕೇಳುವಾಗಲೂ ಇದು ಕಿರಿಕಿರಿ: ಅರ್ಧ ಗಂಟೆ ಕಳೆಯುತ್ತಿದ್ದಂತೆ ಎದ್ದುಹೋಗಿ ಸಿಡಿ ಬದಲಿಸಬೇಕು. 2023ರ ಕೆಂಪು ಕೂಡ ಎರಡು ಸಿಡಿಗಳದ್ದೇ, ಆದರೆ ಅದರಲ್ಲಿ 38 ಹಾಡುಗಳಿವೆ, ಆದ್ದರಿಂದ ಆ ಎರಡನೆಯ ಸಿಡಿಗೆ ಕೊಟ್ಟ ಹಣ ವ್ಯರ್ಥವೆನ್ನಿಸುವುದಿಲ್ಲ.

ಸೇರಿಸಿದ ಆ 12 ಹಾಡುಗಳ ಆಯ್ಕೆಯೂ ಕೆಂಪಿನ ಹಳೆಯ ಕೊರತೆಯೊಂದನ್ನು ತುಂಬಿದೆ. 1973ರ ಪಟ್ಟಿಯಲ್ಲಿ ‘ರಿವಾಲ್ವರ್’ ಆಲ್ಬಂನಿಂದ ಇದ್ದದ್ದು ‘ಎಲಿನರ್ ರಿಗ್ಬಿ’ ಮತ್ತು ‘ಯೆಲ್ಲೋ ಸಬ್‌ಮರೀನ್’ ಎರಡೇ, ಅಂದರೆ ಆ ಆಲ್ಬಂನಿಂದ ಸಿಂಗಲ್ ಆಗಿ ಬಂದಷ್ಟು ಮಾತ್ರ. ಜೊತೆಗೆ ಇಡೀ ಕೆಂಪಿನಲ್ಲಿ ಹ್ಯಾರಿಸನ್ ಬರೆದ ಒಂದು ಹಾಡೂ ಇರಲಿಲ್ಲ. 26ಕ್ಕೆ 26ರಲ್ಲೂ ಲೆನನ್–ಮೆಕಾರ್ಟ್ನಿ ಎಂದೇ ಹೆಸರು. ಈಗ ‘ಟ್ಯಾಕ್ಸ್‌ಮ್ಯಾನ್’ ಮತ್ತು ‘ಇಫ್ ಐ ನೀಡೆಡ್ ಸಮ್‌ಒನ್’ ಮೂಲಕ ಹ್ಯಾರಿಸನ್ ಬಂದಿದ್ದಾರೆ, ‘ಟುಮಾರೋ ನೆವರ್ ನೋಸ್’ ಮೂಲಕ ‘ರಿವಾಲ್ವರ್’ನ ಸಾಹಸವೂ ಬಂದಿದೆ. ಆ ಹಾಡು ಇಲ್ಲದೆ ಕೆಂಪಿನಿಂದ ನೇರವಾಗಿ ನೀಲಿಗೆ ದಾಟಿದರೆ, ‘ಯೆಲ್ಲೋ ಸಬ್‌ಮರೀನ್’ ಹಾಡಿದವರು ಮರುಕ್ಷಣವೇ ‘ಸ್ಟ್ರಾಬೆರಿ ಫೀಲ್ಡ್ಸ್’ ಹಾಡಿದಂತೆ ಕಾಣುತ್ತಿತ್ತು; ನಡುವಿನ ಮೆಟ್ಟಿಲು ಈಗ ಸಿಕ್ಕಿದೆ. ‘ಟ್ವಿಸ್ಟ್ ಆ್ಯಂಡ್ ಶೌಟ್’ ಸೇರಿರುವುದರಿಂದ, ಅವರು ಇತರರ ಹಾಡುಗಳನ್ನು ಎಷ್ಟು ಗಂಟಲು ಹರಿದುಕೊಂಡು ಹಾಡುತ್ತಿದ್ದರೆಂಬುದೂ ದಾಖಲಾಯಿತು.

ನೀಲಿಗೆ ಸೇರಿದ್ದು ಒಂಬತ್ತು, ಈಗ ಒಟ್ಟು 37. ‘ಡಿಯರ್ ಪ್ರುಡೆನ್ಸ್’, ‘ಬ್ಲ್ಯಾಕ್‌ಬರ್ಡ್’, ‘ಹೇ ಬುಲ್‌ಡಾಗ್’ ಬಂದದ್ದು ನನಗೆ ಸಂತೋಷ. ‘ಗ್ಲಾಸ್ ಆನಿಯನ್’ ಇಲ್ಲದಿದ್ದರೂ ನಡೆಯುತ್ತಿತ್ತು. ‘ನೌ ಆ್ಯಂಡ್ ದೆನ್’ ಮಾತ್ರ ವಿಶೇಷ ಪ್ರಕರಣ: ಲೆನನ್ 1970ರ ದಶಕದಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟದ್ದರಿಂದ ದನಿಯನ್ನು ಅದೇ ತಂತ್ರಾಂಶದಿಂದ ಬಿಡಿಸಿ, ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರ್ ಸೇರಿಸಿ, ಮೆಕಾರ್ಟ್ನಿ ಮತ್ತು ರಿಂಗೋ ಸ್ಟಾರ್ ಪೂರ್ತಿಗೊಳಿಸಿ 2023ರ ನವೆಂಬರ್‌ನಲ್ಲಿ ಹೊರತಂದ ಹಾಡದು. ಹಾಡು ಚೆನ್ನಾಗಿದೆ, ಆದರೆ ‘1967–1970’ ಎಂದು ಮುಖಪುಟದಲ್ಲಿ ಅಚ್ಚಾಗಿರುವ ಆಲ್ಬಂನಲ್ಲಿ ಅದಕ್ಕೇನು ಕೆಲಸವೋ ತಿಳಿಯದು. ಸಿಡಿಯಲ್ಲಿ ಅದನ್ನು ಕೊನೆಗೆ ಇಟ್ಟಿರುವುದರಿಂದ ‘ದ ಲಾಂಗ್ ಆ್ಯಂಡ್ ವೈಂಡಿಂಗ್ ರೋಡ್’ ಮುಗಿದೊಡನೆ ನಿಲ್ಲಿಸಿಬಿಡುವ ಸ್ವಾತಂತ್ರ್ಯವಿದೆ, ನಾನು ಅದನ್ನು ಆಗಾಗ ಬಳಸುತ್ತೇನೆ.

ಹೊಸ ಮಿಕ್ಸ್‌ಗಳೆಲ್ಲ ನನಗೆ ಒಪ್ಪಿಗೆಯಾಗಿವೆ ಎಂದಲ್ಲ. ಡ್ರಮ್ ಮತ್ತು ಬಾಸ್ ಈಗ ಎಲ್ಲೆಡೆ ಮುಂದೆ ಬಂದಿವೆ. ಕೆಲವು ಹಾಡುಗಳಿಗೆ ಅದು ಮೈ ತುಂಬಿದರೆ, ಕೆಲವು ಅನವಶ್ಯಕವಾಗಿ ತೋಳು ತಟ್ಟಿದಂತೆ ಕೇಳುತ್ತವೆ. ‘ಐ ಆ್ಯಮ್ ದ ವಾಲ್ರಸ್’ನ ಹೊಸ ರೂಪವನ್ನು ನಾನು ಇನ್ನೂ ಅರಗಿಸಿಕೊಂಡಿಲ್ಲ. 1967ರಲ್ಲಿ ಅದರ ಮೋನೋ ಮಿಕ್ಸ್ ಮಾಡುವಾಗ ರೇಡಿಯೋದಲ್ಲಿ ಆ ಗಳಿಗೆಯಲ್ಲಿ ಬಿಬಿಸಿ ಬಿತ್ತರಿಸುತ್ತಿದ್ದ ‘ಕಿಂಗ್ ಲಿಯರ್’ ನಾಟಕದ ತುಣುಕುಗಳನ್ನು ನೇರವಾಗಿ ಹಾಡಿನೊಳಗೆ ಬಿಟ್ಟುಕೊಂಡಿದ್ದರು. ಅದು ಬೇರೆ ಟೇಪಿನಲ್ಲಿ ಇಲ್ಲದ್ದರಿಂದ ಸ್ಟೀರಿಯೋ ಆವೃತ್ತಿಯ ಉತ್ತರಾರ್ಧಕ್ಕೆ ಆ ಮೋನೋ ಮಿಕ್ಸನ್ನೇ ಅಂಟಿಸಬೇಕಾಯಿತು. ಆ ಅಂಟಿನ ಜಾಗದಲ್ಲಿ ಅಗಲವಾಗಿದ್ದ ಸದ್ದು ಇದ್ದಕ್ಕಿದ್ದಂತೆ ಕಿರಿದಾಗಿ, ಮಂಜು ಮುಸುಕಿದಂತಾಗುವುದು ಹಳೆಯ ನೀಲಿ ಆಲ್ಬಂನಲ್ಲಿ ನನಗೆ ಬಹಳ ಇಷ್ಟವಾದ ಕ್ಷಣಗಳಲ್ಲಿ ಒಂದು. ತಾಂತ್ರಿಕವಾಗಿ ಅದು ದೋಷ. ಆದರೆ ಆ ಹಾಡಿಗೆ ಆ ದೋಷ ಒಪ್ಪುತ್ತಿತ್ತು.

ಇತರ ಸಂಕಲನಗಳ ಬಗ್ಗೆ ಒಂದೆರಡು ಮಾತು ಸಾಕು. 1982ರ ‘20 ಗ್ರೇಟೆಸ್ಟ್ ಹಿಟ್ಸ್’ ಬ್ರಿಟನ್‌ನಲ್ಲಿ ಒಂದು ಪಟ್ಟಿ, ಅಮೆರಿಕದಲ್ಲಿ ಇನ್ನೊಂದು ಪಟ್ಟಿಯೊಂದಿಗೆ ಬಂತು. ಅಮೆರಿಕದ್ದರಲ್ಲಿ ಏಳು ನಿಮಿಷದ ‘ಹೇ ಜೂಡ್’ ಅನ್ನು ಸುಮಾರು ಐದಕ್ಕೆ ಕತ್ತರಿಸಿದ್ದಾರೆ, ಅಲ್ಲಿಗೆ ಅದರ ಕಥೆ ಮುಗಿಯಿತು. 1976ರ ‘ರಾಕ್ ಆ್ಯಂಡ್ ರೋಲ್ ಮ್ಯೂಸಿಕ್’ ಅವರ ಬಿರುಸಿನ ಹಾಡುಗಳನ್ನಷ್ಟೇ ಕೂಡಿಸಿಕೊಂಡದ್ದು, ಇಡೀ ತಂಡದ ಪರಿಚಯಕ್ಕೆ ಅದು ಆಗದು.

ಕೊಳ್ಳುವಾಗ ಗಮನಿಸಬೇಕಾದ ಒಂದು ಸಂಗತಿ ಇದೆ. 1993, 2010, 2023, ಮೂರು ಕಾಲದ ಕೆಂಪು–ನೀಲಿಗಳಿಗೂ ಮುಖಪುಟ ಒಂದೇ: ಲಂಡನ್ನಿನ ಮ್ಯಾಂಚೆಸ್ಟರ್ ಸ್ಕ್ವೇರಿನಲ್ಲಿದ್ದ ಇಎಂಐ ರೆಕಾರ್ಡ್ ಕಂಪನಿಯ ಕಚೇರಿಯ ಮೆಟ್ಟಿಲ ಕಟಕಟೆಯಿಂದ ನಾಲ್ವರೂ ಕೆಳಗೆ ಬಗ್ಗಿ ನೋಡುತ್ತಿರುವ ಚಿತ್ರ, ಕೆಂಪಿನ ಮುಂದೆ 1963ರದ್ದು, ನೀಲಿಯ ಮುಂದೆ 1969ರದ್ದು. ಎರಡನ್ನೂ ಅದೇ ಜಾಗದಲ್ಲಿ ತೆಗೆದವರು ಛಾಯಾಗ್ರಾಹಕ ಆಂಗಸ್ ಮೆಕ್‌ಬೀನ್. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಕಾಣುವುದು ಈ ಚಿತ್ರ ಮಾತ್ರ, ಮಾರುವವರು ಯಾವ ವರ್ಷದ್ದೆಂದು ಹೇಳುವ ಗೋಜಿಗೂ ಹೋಗುವುದಿಲ್ಲ. ನನಗೆ ಹೊಸ ಕೆಂಪು ಎಂದು ಒಬ್ಬರು ಕಳಿಸಿದ್ದು 2010ರದ್ದಾಗಿತ್ತು. ಮರಳಿಸಿ ಸರಿಯಾದದ್ದನ್ನು ಪಡೆಯಲು ಸಾಕಷ್ಟು ಪತ್ರವ್ಯವಹಾರ ಮಾಡಬೇಕಾಯಿತು. ಹಿಂಬದಿಯ ಪಟ್ಟಿಯ ಫೋಟೋ ಕೇಳಿ ತರಿಸಿಕೊಂಡು ‘ಟ್ಯಾಕ್ಸ್‌ಮ್ಯಾನ್’ ಇದೆಯೇ ಎಂದು ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ನೀಲಿಯಾದರೆ ‘ಬ್ಲ್ಯಾಕ್‌ಬರ್ಡ್’ ಹುಡುಕಿ.

ಎಲ್‌ಪಿ ಬೇಕೆನ್ನುವವರಿಗೆ 2023ರ ಆವೃತ್ತಿಯನ್ನು ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಸಿಡಿಯಲ್ಲಿ ಹೊಸದಾಗಿ ಸೇರಿಸಿದ ಹಾಡುಗಳನ್ನು ಅವುಗಳ ಕಾಲಕ್ಕೆ ತಕ್ಕ ಜಾಗದಲ್ಲಿ ಕೂರಿಸಿದ್ದಾರೆ. ಎಲ್‌ಪಿಯಲ್ಲಿ ಮೊದಲ ಎರಡು ತಟ್ಟೆಗಳಲ್ಲಿ 1973ರ ಕ್ರಮವನ್ನು ಹಾಗೇ ಉಳಿಸಿ, ಸೇರಿಸಿದ್ದನ್ನೆಲ್ಲ ಮೂರನೆಯ ತಟ್ಟೆಗೆ ತಳ್ಳಿದ್ದಾರೆ. ಹಾಗಾಗಿ ನೀಲಿಯಲ್ಲಿ 1970ಕ್ಕೆ ಬಂದು ಮುಗಿಸಿದ ಮೇಲೆ ಮೂರನೆಯ ತಟ್ಟೆ 2023ರ ‘ನೌ ಆ್ಯಂಡ್ ದೆನ್’ನಿಂದ ಶುರುವಾಗಿ ಮತ್ತೆ 1960ರ ದಶಕಕ್ಕೆ ಹಾರುತ್ತದೆ. ಹಳೆಯ ಕ್ರಮವನ್ನೇ ಪ್ರೀತಿಸುವವರಿಗೆ ಇದು ಸೌಜನ್ಯ, ನನ್ನಂತೆ ಕಾಲಕ್ರಮದಲ್ಲಿ ಕೇಳುವವರಿಗೆ ತಲೆನೋವು.

ಜೋಡಿ ಪೂರ್ತಿಯಾಗಿ ಹೊಸದು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲದಿದ್ದರೆ ನಾನು ಹೇಳುವ ದಾರಿ ಇದು: ಕೆಂಪನ್ನು 2023ರದ್ದು ತೆಗೆದುಕೊಳ್ಳಿ, ನೀಲಿಯನ್ನು 1993ರದ್ದೋ 2010ರದ್ದೋ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಹೊಸ ಮಿಕ್ಸ್‌ನಿಂದ ನಿಜವಾಗಿ ಜೀವ ಬಂದದ್ದು ಕೆಂಪಿಗೆ. 1967ರ ನಂತರದ ಹಾಡುಗಳು ಮೊದಲಿಂದಲೂ ಹೆಚ್ಚು ಟ್ರ್ಯಾಕ್‌ಗಳಲ್ಲಿ, ಸ್ಟೀರಿಯೋಗೆ ಕ್ರಮೇಣ ಹೆಚ್ಚು ಗಮನ ಕೊಟ್ಟು ತಯಾರಾದವು, ಆದ್ದರಿಂದ ಹಳೆಯ ನೀಲಿ ಒಂದು ಕಿವಿಯಲ್ಲೂ ಹೆಚ್ಚುಕಡಿಮೆ ನಿಭಾಯಿಸುತ್ತದೆ. ಮೇಲಾಗಿ ಆ ‘ವಾಲ್ರಸ್’ ಅದರಲ್ಲೇ ಇದೆ. ಕಳೆದುಕೊಳ್ಳುವುದು ಒಂಬತ್ತು ಹಾಡುಗಳನ್ನು, ಅವುಗಳಲ್ಲಿ ‘ನೌ ಆ್ಯಂಡ್ ದೆನ್’ ಬಿಟ್ಟರೆ ಉಳಿದವೆಲ್ಲ ಮುಂದೆ ‘ವೈಟ್ ಆಲ್ಬಂ’, ‘ಆಬಿ ರೋಡ್’ ಮೊದಲಾದವನ್ನು ಕೊಂಡಾಗ ತಾವಾಗಿಯೇ ಮನೆಗೆ ಬರುತ್ತವೆ.